ಕಲಿತದ್ದು ವ್ಯರ್ಥವಾಗದಿರಲಿ: ಐಟಿಐ, ನರ್ಸಿಂಗ್, ದರ್ಸ್ ಕಲಿಕೆಯಿಂದ ಪದವಿಯ ಕಡೆಗೆ

 



ಜುಮುಆ ಭಾಷಣದಲ್ಲಿ ಒಮ್ಮೆ ಬದ್ರ್‌ನ ಕೈದಿಗಳ ಘಟನೆಯನ್ನು ವಿವರಿಸಿದ್ದೆ. ಯುದ್ಧದಲ್ಲಿ ಸೆರೆಸಿಕ್ಕ ಮಕ್ಕಾದವರು ಬಿಡುಗಡೆಗಾಗಿ ಪರಿಹಾರಧನ ಕೊಡಬೇಕಿತ್ತು. ಕೆಲವರ ಬಳಿ ಹಣ ಇರಲಿಲ್ಲ, ಆದರೆ ಓದು ಬರಹ ಗೊತ್ತಿತ್ತು. ಅಂಥವರು ಅನ್ಸಾರರ ಮಕ್ಕಳಿಗೆ ಬರಹ ಕಲಿಸಿದರೆ ಸಾಕು, ಅದನ್ನೇ ಪರಿಹಾರವೆಂದು ಪರಿಗಣಿಸಲಾಗುವುದು ಎಂದು ಪ್ರವಾದಿ (ಸ) ತೀರ್ಮಾನಿಸಿದರು. ಶತ್ರುವಿನ ಕೈಯಲ್ಲಿದ್ದ ವಿದ್ಯೆಗೂ ಬೆಲೆ ಕಟ್ಟಿದ ಧರ್ಮ ನಮ್ಮದು ಎಂದು ಹೇಳಿ ಮಾತು ಮುಗಿಸಿದ್ದೆ.

ನಮಾಝ್ ಮುಗಿದ ಮೇಲೆ ತೋಟದಲ್ಲಿ ಕೂಲಿ ಕೆಲಸ ಮಾಡುವ ಒಬ್ಬ ತಂದೆ ಬಂದು ಕುಳಿತರು. "ಉಸ್ತಾದರೇ, ಕೈದಿಗಳ ವಿದ್ಯೆಗೆ ಬೆಲೆ ಸಿಕ್ಕಿತು ಅಂದಿರಿ. ನನ್ನ ಮಗ ಎಸ್‌ಎಸ್‌ಎಲ್‌ಸಿ ಆದ ಮೇಲೆ ಎರಡು ವರ್ಷ ಐಟಿಐ ಓದಿದ. ಈಗ ಎಲೆಕ್ಟ್ರಿಶಿಯನ್ ಕೆಲಸಕ್ಕೆ ಹೋಗುತ್ತಾನೆ. ಮುಂದೆ ಓದಬೇಕು ಅನ್ನುತ್ತಾನೆ. ಐಟಿಐ ಲೆಕ್ಕಕ್ಕೆ ಬರುವುದಿಲ್ಲ, ಮೊದಲ ಪಿಯುಸಿಯಿಂದ ಶುರು ಮಾಡಬೇಕು ಅಂತ ಒಬ್ಬರು ಹೇಳಿದರು. ಇನ್ನೊಬ್ಬರು ಅದೆಲ್ಲ ಬೇಡ, ದುಡ್ಡು ಕೊಟ್ಟರೆ ಒಂದೇ ವರ್ಷದಲ್ಲಿ ಡಿಗ್ರಿ ಸರ್ಟಿಫಿಕೇಟ್ ತರಿಸಿ ಕೊಡುತ್ತೇನೆ ಅಂದರು. ನಾನು ಅಡ್ವಾನ್ಸ್ ಕೊಡಲು ಚೀಟಿ ಎತ್ತಿದ್ದೇನೆ."

ಮೊದಲನೆಯವರು ಹೇಳಿದ್ದು ತಪ್ಪು. ಎರಡನೆಯವರು ಹೇಳಿದ್ದು ಮೋಸ. ಆ ತಂದೆ ಹಣ ಕೊಡುವ ಮುಂಚೆ ಕೇಳಿದರು, ಅಲ್‌ಹಮ್ದುಲಿಲ್ಲಾಹ್. ಕೇಳದೆ ಕೊಟ್ಟವರು ನಮ್ಮ ಜಮಾಅತ್‌ಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಹಾಗಾಗಿ ಈ ತಿಂಗಳು ಇದನ್ನೇ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮಸ್ಬೂಕ್‌ನ ಲೆಕ್ಕ

ಜಮಾಅತ್ ನಮಾಝಿಗೆ ತಡವಾಗಿ ಬಂದು ಸೇರುವವನನ್ನು ಮಸ್ಬೂಕ್ ಎನ್ನುತ್ತೇವೆ. ಇಮಾಮ್ ರುಕೂಅ್‌ನಲ್ಲಿರುವಾಗ ಬಂದು ಸೇರಿಕೊಂಡರೆ ಅವನಿಗೆ ಆ ರಕಅತ್ ಸಿಗುತ್ತದೆ. ತಪ್ಪಿಹೋದ ರಕಅತ್‌ಗಳನ್ನು ಇಮಾಮ್ ಸಲಾಂ ಹೇಳಿದ ಮೇಲೆ ಎದ್ದು ನಿಂತು ಪೂರ್ತಿ ಮಾಡುತ್ತಾನೆ. ತಡವಾಗಿ ಬಂದದ್ದಕ್ಕೆ ಅವನನ್ನು ಯಾರೂ ಹೊರಗೆ ಕಳಿಸುವುದಿಲ್ಲ. ಸಿಕ್ಕಿದ ರಕಅತ್‌ಗಳನ್ನು ಮತ್ತೆ ಮಾಡು ಎನ್ನುವುದೂ ಇಲ್ಲ. ಹಾಗೆಯೇ ತಪ್ಪಿದ್ದನ್ನು ಮಾಡದೆ ಮನೆಗೆ ಹೋಗಲೂ ಬಿಡುವುದಿಲ್ಲ.

ತರಬೇತಿ ಪಡೆದವರು ಕಾಲೇಜಿಗೆ ಸೇರುವ ನಿಯಮವೂ ಇಷ್ಟೇ. ಹಿಂದೆ ಕಲಿತದ್ದರಲ್ಲಿ ಎಷ್ಟು ಸೇರುತ್ತದೆ, ಎಷ್ಟು ಬಾಕಿ ಉಳಿಯುತ್ತದೆ ಎಂಬುದೇ ಪ್ರಶ್ನೆ. ಇದಕ್ಕೆ ಉತ್ತರ ತಿಳಿಯಲು ಮೂರು ಮಾತುಗಳ ವ್ಯತ್ಯಾಸ ಗೊತ್ತಿರಬೇಕು.

ಮೊದಲನೆಯದು ತತ್ಸಮಾನ. ನಿಮ್ಮ ಸರ್ಟಿಫಿಕೇಟ್ ಪಿಯುಸಿಗೆ ಸಮ ಎಂದು ಒಪ್ಪಿಕೊಂಡು ಪದವಿಯ ಮೊದಲ ವರ್ಷಕ್ಕೆ ಸೇರಿಸಿಕೊಳ್ಳುವುದು. ಇಲ್ಲಿ ಬಾಗಿಲು ತೆರೆಯುತ್ತದೆ, ಆದರೆ ವರ್ಷ ಉಳಿಯುವುದಿಲ್ಲ.

ಎರಡನೆಯದು ಲ್ಯಾಟರಲ್ ಎಂಟ್ರಿ, ಅಂದರೆ ನೇರವಾಗಿ ಎರಡನೇ ವರ್ಷಕ್ಕೆ ಪ್ರವೇಶ. ಇಲ್ಲಿ ಒಂದು ವರ್ಷ ಪೂರ್ತಿ ಉಳಿಯುತ್ತದೆ.

ಮೂರನೆಯದು ಕ್ರೆಡಿಟ್ ವರ್ಗಾವಣೆ. ಹಿಂದೆ ಪಾಸಾದ ಪಾಠಗಳನ್ನು ಗಂಟೆಗಳ ಲೆಕ್ಕದಲ್ಲಿ ಅಳೆದು ಹೊಸ ಪದವಿಯ ಲೆಕ್ಕಕ್ಕೆ ಸೇರಿಸುವುದು.

ಏಜೆಂಟರು ಈ ಮೂರನ್ನೂ ಕಲಸಿ ಮಾತನಾಡುತ್ತಾರೆ. ನಾವು ಬಿಡಿಸಿ ಕೇಳಬೇಕು.

ಐಟಿಐ ಓದಿದವರಿಗೆ

ಎಸ್‌ಎಸ್‌ಎಲ್‌ಸಿ ನಂತರ ಎರಡು ವರ್ಷದ ಐಟಿಐ ಪಾಸಾದವರು ಪಾಲಿಟೆಕ್ನಿಕ್‌ನ ಡಿಪ್ಲೊಮಾಕ್ಕೆ ನೇರವಾಗಿ ಎರಡನೇ ವರ್ಷಕ್ಕೆ ಸೇರಬಹುದು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ, ಅಂದರೆ ಎಐಸಿಟಿಇಯ ನಿಯಮದಲ್ಲೇ ಇದಕ್ಕೆ ಅವಕಾಶವಿದೆ. ಕಲಿತ ಟ್ರೇಡ್‌ಗೂ ಸೇರುವ ವಿಭಾಗಕ್ಕೂ ಸಂಬಂಧ ಇರಬೇಕು. ಎಲೆಕ್ಟ್ರಿಶಿಯನ್ ಓದಿದವನಿಗೆ ಎಲೆಕ್ಟ್ರಿಕಲ್, ಫಿಟ್ಟರ್ ಓದಿದವನಿಗೆ ಮೆಕ್ಯಾನಿಕಲ್, ಹೀಗೆ. ನಮಗೆ ಹತ್ತಿರದಲ್ಲಿ ಕುಶಾಲನಗರದ ಸರಕಾರಿ ಪಾಲಿಟೆಕ್ನಿಕ್ ಇದೆ. ಪ್ರವೇಶದ ಪ್ರಕಟಣೆ ಬಂದಾಗ ಅಲ್ಲಿಗೇ ಹೋಗಿ, ಯಾವ ವಿಭಾಗದಲ್ಲಿ ಲ್ಯಾಟರಲ್ ಸೀಟು ಇದೆ ಎಂದು ಕೇಳಿ.

ಡಿಪ್ಲೊಮಾ ಮುಗಿಸಿದವರಿಗೆ ಇನ್ನೊಂದು ಮೆಟ್ಟಿಲು ಇದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಪ್ರತಿ ವರ್ಷ ಡಿಸಿಇಟಿ ನಡೆಸುತ್ತದೆ. ಅದರ ರ‍್ಯಾಂಕ್ ಮೇಲೆ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಪ್ರವೇಶ ಸಿಗುತ್ತದೆ. ಡಿಪ್ಲೊಮಾದಲ್ಲಿ ಕನಿಷ್ಠ ಶೇ. 45 ಅಂಕ ಬೇಕು, ಮೀಸಲು ವರ್ಗದವರಿಗೆ ಶೇ. 40.

ಆ ತಂದೆಯ ಜೊತೆ ಕುಳಿತು ವರ್ಷಗಳ ಲೆಕ್ಕ ಹಾಕಿದೆವು. ಐಟಿಐ ಎರಡು ವರ್ಷ, ಡಿಪ್ಲೊಮಾ ಎರಡು, ಇಂಜಿನಿಯರಿಂಗ್ ಮೂರು, ಒಟ್ಟು ಏಳು. ಪಿಯುಸಿ ಮಾಡಿ ಹೋದವನಿಗೆ ಎರಡು ಮತ್ತು ನಾಲ್ಕು, ಒಟ್ಟು ಆರು. ಅಂದರೆ ಐಟಿಐ ಓದಿದವನಿಗೆ ಒಂದೇ ವರ್ಷ ಹೆಚ್ಚು. ಆದರೆ ಅವನ ಕೈಯಲ್ಲಿ ಒಂದರ ಬದಲು ಮೂರು ಸರ್ಟಿಫಿಕೇಟ್ ಇರುತ್ತದೆ. ಮನೆಯ ಪರಿಸ್ಥಿತಿ ಕೆಟ್ಟು ನಡುವೆ ನಿಲ್ಲಬೇಕಾಗಿ ಬಂದರೂ ಪ್ರತಿ ಮೆಟ್ಟಿಲಿನಲ್ಲೂ ಹೊಟ್ಟೆಪಾಡಿಗೆ ಒಂದು ಕೆಲಸ ಇರುತ್ತದೆ. ಕೂಲಿ ಕುಟುಂಬಕ್ಕೆ ಇದು ಸಣ್ಣ ವಿಷಯ ಅಲ್ಲ.

ಇಲ್ಲೊಂದು ಎಚ್ಚರಿಕೆ ಹೇಳಬೇಕು. ನೇರ ಎರಡನೇ ವರ್ಷಕ್ಕೆ ಸೇರಿದವರು ಎಡವುವುದು ಹೆಚ್ಚಾಗಿ ಗಣಿತದಲ್ಲಿ. ಡಿಪ್ಲೊಮಾದಿಂದ ಬಂದವರಿಗೆ ವಿಟಿಯು ಹೆಚ್ಚುವರಿ ಗಣಿತದ ಪತ್ರಿಕೆಗಳನ್ನು ಇಟ್ಟದ್ದು ಇದೇ ಕಾರಣಕ್ಕೆ. ಅದು ತಪ್ಪಿಹೋದ ರಕಅತ್. ಅದನ್ನು ಪೂರ್ತಿ ಮಾಡಲೇಬೇಕು. ಸೇರುವ ಮುಂಚಿನ ರಜೆಯಲ್ಲೇ ಗಣಿತಕ್ಕೆ ಕುಳಿತವರು ಪಾರಾಗುತ್ತಾರೆ.

ತಾಂತ್ರಿಕ ದಾರಿ ಬೇಡ, ಬಿ.ಎ. ಅಥವಾ ಬಿ.ಕಾಂ. ಸಾಕು ಎನ್ನುವ ಐಟಿಐ ಯುವಕರಿಗೆ 12ನೇ ತರಗತಿಯ ತತ್ಸಮಾನ ಬೇಕಾಗುತ್ತದೆ. ಅದಕ್ಕೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. ಕೌಶಲ್ಯಾಭಿವೃದ್ಧಿ ಸಚಿವಾಲಯ 2016ರಲ್ಲಿ ಈ ಸಂಸ್ಥೆಯ ಜೊತೆ ಒಪ್ಪಂದ ಮಾಡಿಕೊಂಡಿತು. ಎಸ್‌ಎಸ್‌ಎಲ್‌ಸಿ ನಂತರ ಐಟಿಐ ಮಾಡಿದವರು ನಿಗದಿತ ವಿಷಯಗಳ ಪರೀಕ್ಷೆ ಬರೆದು 12ನೇ ತರಗತಿಯ ಸರ್ಟಿಫಿಕೇಟ್ ಪಡೆಯಬಹುದು. 8ನೇ ತರಗತಿ ನಂತರ ಐಟಿಐ ಮಾಡಿದವರಿಗೆ 10ನೇ ತರಗತಿಯದ್ದು ಸಿಗುತ್ತದೆ. ಟ್ರೇಡ್‌ನಲ್ಲಿ ಕಲಿತದ್ದು ಅಲ್ಲಿ ಲೆಕ್ಕಕ್ಕೆ ಸೇರುತ್ತದೆ. ಮೂರು ವರ್ಷದ ಡಿಪ್ಲೊಮಾ ಆದವರನ್ನು ಅನೇಕ ವಿಶ್ವವಿದ್ಯಾಲಯಗಳು ಪಿಯುಸಿ ತತ್ಸಮಾನವೆಂದು ನೇರವಾಗಿ ಪದವಿಗೆ ಸೇರಿಸಿಕೊಳ್ಳುತ್ತವೆ.

ನರ್ಸಿಂಗ್ ಮತ್ತು ಫಾರ್ಮಸಿ

ನಮ್ಮ ಎಷ್ಟೋ ಹೆಣ್ಣುಮಕ್ಕಳು ಜಿಎನ್‌ಎಂ ಓದಿ ಮೈಸೂರು, ಮಂಗಳೂರು, ಕಣ್ಣೂರಿನ ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಿದ್ದಾರೆ. ಬಿ.ಎಸ್ಸಿ. ನರ್ಸಿಂಗ್ ಬೇಕಿದ್ದರೆ ಮತ್ತೆ ನಾಲ್ಕು ವರ್ಷ ಓದಬೇಕು ಎಂದು ತಿಳಿದು ಅನೇಕರು ಆಸೆ ಬಿಟ್ಟಿದ್ದಾರೆ. ಹಾಗಿಲ್ಲ. ಮೂರು ವರ್ಷದ ಜಿಎನ್‌ಎಂ ಪಾಸಾಗಿ, ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಣಿ ಮಾಡಿಸಿಕೊಂಡವರಿಗೆ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಎಂಬ ಎರಡು ವರ್ಷದ ಪದವಿ ಇದೆ. ಕರ್ನಾಟಕದಲ್ಲಿ ಇದು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಡಿಯಲ್ಲಿ ಬರುತ್ತದೆ. ಮೂರು ಮತ್ತು ಎರಡು, ಒಟ್ಟು ಐದೇ ವರ್ಷ. ಮೊದಲಿನಿಂದ ಶುರು ಮಾಡಿದರೆ ಏಳು.

ಎರಡು ವರ್ಷದ ಡಿ.ಫಾರ್ಮ ಮಾಡಿ ಮೆಡಿಕಲ್ ಶಾಪ್‌ನಲ್ಲಿರುವವರಿಗೂ ಇದೇ ರೀತಿ ಬಿ.ಫಾರ್ಮದ ಎರಡನೇ ವರ್ಷಕ್ಕೆ ನೇರ ಪ್ರವೇಶವಿದೆ.

ಮಗಳಿಗೆ ನಿಕಾಹ್ ನಿಶ್ಚಯವಾದರೆ ಓದು ಮುಗಿಯಿತು ಎಂದು ಭಾವಿಸುವ ಹೆತ್ತವರಲ್ಲಿ ಒಂದು ಮಾತು. ಈ ಎರಡು ವರ್ಷವನ್ನು ನಿಶ್ಚಯದ ಮಾತುಕತೆಯಲ್ಲೇ ಸೇರಿಸಿ. ವರನ ಕಡೆಯವರು ಒಪ್ಪಿದ್ದನ್ನು ನಾಲ್ಕು ಜನರ ಮುಂದೆ ಹೇಳಿಸಿ. ಮದುವೆ ಆದ ಮೇಲೆ ಕೇಳೋಣ ಎಂದು ಬಿಟ್ಟ ಓದು ಮುಂದುವರಿದದ್ದು ಬಹಳ ಕಡಿಮೆ.

ಕ್ರೆಡಿಟ್ ಬ್ಯಾಂಕ್ ಎಂದರೇನು?

ಬ್ಯಾಂಕ್ ಎಂದ ಕೂಡಲೇ ಗಾಬರಿ ಬೇಡ, ಇದರಲ್ಲಿ ಹಣವೂ ಇಲ್ಲ, ಬಡ್ಡಿಯೂ ಇಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2021ರ ಜುಲೈಯಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ನಿಯಮ ತಂದಿತು. ವಿದ್ಯಾರ್ಥಿ ಪಾಸಾದ ಪ್ರತಿ ಪಾಠದ ಕ್ರೆಡಿಟ್ ಅವನ ಹೆಸರಿನ ಖಾತೆಯಲ್ಲಿ ಜಮೆ ಆಗುತ್ತದೆ. ನಡುವೆ ಕಾಲೇಜು ಬಿಟ್ಟರೂ ಅದು ಗರಿಷ್ಠ ಏಳು ವರ್ಷ ಉಳಿಯುತ್ತದೆ. ಬೇರೆ ಕಾಲೇಜಿಗೆ ಸೇರಿದಾಗ ಬಳಸಿಕೊಳ್ಳಬಹುದು. ಆದರೆ ಪದವಿ ಕೊಡುವ ಸಂಸ್ಥೆಯಲ್ಲೇ ಕನಿಷ್ಠ ಅರ್ಧದಷ್ಟು ಕ್ರೆಡಿಟ್ ಗಳಿಸಿರಬೇಕು.

2023ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಬಂತು. ಶಾಲೆ, ಕಾಲೇಜು ಮತ್ತು ವೃತ್ತಿ ತರಬೇತಿ ಮೂರನ್ನೂ ಒಂದೇ ಅಳತೆಗೋಲಿಗೆ ತರುವುದು ಇದರ ಉದ್ದೇಶ. 30 ಗಂಟೆ ಕಲಿಕೆಗೆ ಒಂದು ಕ್ರೆಡಿಟ್. ವರ್ಷಕ್ಕೆ 1200 ಗಂಟೆ, ಅಂದರೆ 40 ಕ್ರೆಡಿಟ್. ಮೂರು ವರ್ಷದ ಪದವಿಗೆ 120. ತರಗತಿಯ ಪಾಠ ಮಾತ್ರವಲ್ಲ, ವರ್ಕ್‌ಶಾಪ್‌ನಲ್ಲಿ ಮಾಡಿದ ಅಭ್ಯಾಸವೂ, ಅಪ್ರೆಂಟಿಸ್ ಆಗಿ ದುಡಿದದ್ದೂ, ಪರೀಕ್ಷೆಗೆ ಒಳಪಟ್ಟರೆ ಈ ಗಂಟೆಗಳಲ್ಲಿ ಸೇರುತ್ತದೆ.

ಓದಲು ಇದೆಲ್ಲ ಚೆನ್ನಾಗಿದೆ. ಆದರೆ ನಿಜ ಹೇಳಬೇಕು. ಖಾತೆಯಲ್ಲಿ ಕ್ರೆಡಿಟ್ ಇದ್ದ ಮಾತ್ರಕ್ಕೆ ಕಾಲೇಜು ಅದನ್ನು ತೆಗೆದುಕೊಳ್ಳಲೇಬೇಕು ಎಂದಿಲ್ಲ. ನಿಮ್ಮ ಪಾಠಕ್ಕೂ ಅವರ ಪಾಠಕ್ಕೂ ಹೊಂದಿಕೆ ಇದೆಯೇ ಎಂದು ಅವರು ನೋಡುತ್ತಾರೆ. ಕರ್ನಾಟಕದಲ್ಲಿ 2021-22ರಲ್ಲಿ ಬಂದ ಹೊಸ ಶಿಕ್ಷಣ ನೀತಿಯ ಪದವಿ ವ್ಯವಸ್ಥೆಯನ್ನು 2024-25ರಿಂದ ಕೈಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿದ್ದಾರೆ. ಹೀಗಾಗಿ ನಿಯಮ ಪುಸ್ತಕದಲ್ಲಿ ಏನಿದೆ ಎನ್ನುವುದಕ್ಕಿಂತ, ನೀವು ಸೇರುವ ವಿಶ್ವವಿದ್ಯಾಲಯ ಈ ವರ್ಷ ಏನು ಒಪ್ಪುತ್ತದೆ ಎನ್ನುವುದೇ ಮುಖ್ಯ. ಇವತ್ತಿನ ಮಟ್ಟಿಗೆ ಗಟ್ಟಿಯಾಗಿ ನಂಬಬಹುದಾದ ದಾರಿ ಮೇಲೆ ಹೇಳಿದ ಲ್ಯಾಟರಲ್ ಎಂಟ್ರಿ ಮತ್ತು ತತ್ಸಮಾನ.

ದರ್ಸ್ ಮತ್ತು ಮದ್ರಸಾದ ಕಲಿಕೆ

ನಮ್ಮ ದರ್ಸ್‌ಗಳಲ್ಲಿ ಕ್ರೆಡಿಟ್ ವರ್ಗಾವಣೆ ಹಿಂದಿನಿಂದಲೂ ಇದೆ, ಹೆಸರು ಮಾತ್ರ ಬೇರೆ. ಒಂದು ದರ್ಸ್‌ನಿಂದ ಇನ್ನೊಂದಕ್ಕೆ ಹೋದ ಮುತಅಲ್ಲಿಂನ ಬಳಿ ಹೊಸ ಉಸ್ತಾದರು ಮೊದಲು ಕೇಳುವುದು, ಯಾವ ಕಿತಾಬ್ ಎಲ್ಲಿಯವರೆಗೆ ಆಗಿದೆ ಎಂದು. ಓದಿಸಿ ನೋಡುತ್ತಾರೆ. ಸರಿ ಇದ್ದರೆ ಅಲ್ಲಿಂದಲೇ ಮುಂದುವರಿಸುತ್ತಾರೆ.

ಆದರೆ ಕಾಲೇಜಿನ ಬಾಗಿಲಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ನಾನು ದರ್ಸ್ ಮುಗಿಸಿ ಬಿ.ಎ. ಅರ್ಜಿ ತುಂಬಿಸಲು ಕುಳಿತಾಗ ನನ್ನ ಸನದ್ ಬರೆಯಲು ಆ ಫಾರಂನಲ್ಲಿ ಜಾಗವೇ ಇರಲಿಲ್ಲ. ಗುಮಾಸ್ತರು ಒಳ್ಳೆಯವರು, "ಇದನ್ನು ಮನೆಯಲ್ಲಿ ಜೋಪಾನವಾಗಿಡಿ, ಪಿಯುಸಿ ಮಾರ್ಕ್ಸ್ ಕಾರ್ಡ್ ತನ್ನಿ" ಎಂದರು. ಆಗ ನೋವಾಯಿತು. ಈಗ ಅದರ ಕಾರಣ ಅರ್ಥವಾಗುತ್ತದೆ. 1956ರ ಯುಜಿಸಿ ಕಾಯ್ದೆಯ ಪ್ರಕಾರ ಪದವಿ ಕೊಡುವ ಅಧಿಕಾರ ಕಾನೂನಿನ ಮೂಲಕ ಸ್ಥಾಪನೆಯಾದ ವಿಶ್ವವಿದ್ಯಾಲಯಗಳಿಗೆ ಮತ್ತು ಅಂಥ ಮಾನ್ಯತೆ ಪಡೆದ ಸಂಸ್ಥೆಗಳಿಗೆ ಮಾತ್ರ ಇದೆ. 2024ರ ನವೆಂಬರ್ 5ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಮದ್ರಸಾ ಕಾಯ್ದೆಯನ್ನು ಎತ್ತಿಹಿಡಿಯಿತು. ಆದರೆ ಮದ್ರಸಾ ಮಂಡಳಿ ಕೊಡುತ್ತಿದ್ದ ಕಾಮಿಲ್ ಮತ್ತು ಫಾಝಿಲ್ ಪದವಿಗಳು ಇದೇ ಯುಜಿಸಿ ಕಾಯ್ದೆಗೆ ಹೊಂದುವುದಿಲ್ಲ ಎಂದು ಹೇಳಿತು. ಸನದ್‌ನ ಬರಕತ್ ಬೇರೆ, ಪದವಿಯ ಕಾನೂನು ಬೇರೆ. ಎರಡನ್ನೂ ಅದರದರ ಜಾಗದಲ್ಲಿಡಬೇಕು.

ಹಾಗೆಂದು ದಾರಿ ಮುಚ್ಚಿಲ್ಲ. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ 2013ರಿಂದ ಮದ್ರಸಾ ಪದವೀಧರರಿಗಾಗಿ ಬ್ರಿಡ್ಜ್ ಕೋರ್ಸ್ ನಡೆಸುತ್ತಿದೆ. ಹೈದರಾಬಾದಿನ ಮೌಲಾನಾ ಆಝಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯದಲ್ಲೂ ಬ್ರಿಡ್ಜ್ ಕೋರ್ಸ್ ಇದೆ. ದಿಲ್ಲಿಯ ಜಾಮಿಆ ಮಿಲ್ಲಿಯಾ ಸೇರಿ ಈ ಮೂರೂ ಕಡೆ ಕೆಲವು ಮದ್ರಸಾಗಳ ಸನದ್‌ಗಳನ್ನು ಪ್ರವೇಶಕ್ಕೆ ಒಪ್ಪುತ್ತಾರೆ. ಅವರ ಪಟ್ಟಿಯಲ್ಲಿ ನಿಮ್ಮ ಸಂಸ್ಥೆಯ ಹೆಸರಿದೆಯೇ ಎಂದು ನೋಡಬೇಕು. ನಮ್ಮ ಮಕ್ಕಳು ಹೆಚ್ಚಾಗಿ ಹೋಗುವ ಕೇರಳದಲ್ಲಿ ಕ್ಯಾಲಿಕಟ್ ವಿಶ್ವವಿದ್ಯಾಲಯದ ಅಫ್‌ಝಲುಲ್ ಉಲಮಾ ಬಿ.ಎ. ಇದೆ. ಅದು ವಿಶ್ವವಿದ್ಯಾಲಯವೇ ಕೊಡುವ ಅರಬಿಕ್ ಪದವಿ.

ಸಾಮಾನ್ಯ ಕುಟುಂಬಕ್ಕೆ ನಾನು ಹೇಳುವುದು ಇನ್ನೂ ಸರಳ. ಮಗನನ್ನು ಹಿಫ್‌ಝ್‌ಗೋ ದರ್ಸ್‌ಗೋ ಸೇರಿಸುವ ದಿನವೇ ಅವನ ಶಾಲಾ ಕಲಿಕೆಯ ದಾರಿಯನ್ನೂ ನಿರ್ಧರಿಸಿ. 14 ವರ್ಷ ತುಂಬಿದವರು ಎನ್‌ಐಒಎಸ್‌ನಲ್ಲಿ 10ನೇ ತರಗತಿಗೆ ನೋಂದಾಯಿಸಬಹುದು. ಒಂದು ನೋಂದಣಿ ಐದು ವರ್ಷ ನಡೆಯುತ್ತದೆ, ಅಷ್ಟರಲ್ಲಿ ಒಂಬತ್ತು ಸಲ ಪರೀಕ್ಷೆಗೆ ಅವಕಾಶವಿದೆ. ಒಂದೊಂದೇ ವಿಷಯ ಪಾಸು ಮಾಡುತ್ತಾ ಹೋಗಬಹುದು. ಉರ್ದು, ಅರಬಿಕ್ ಕೂಡ ವಿಷಯಗಳಾಗಿವೆ, ದರ್ಸ್‌ನಲ್ಲಿ ಕಲಿತದ್ದು ಅಲ್ಲಿ ಕೈ ಹಿಡಿಯುತ್ತದೆ. 12 ಮುಗಿಸಿದ ಮೇಲೆ ಇಗ್ನೋ ಅಥವಾ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಮಾಡಬಹುದು. 2022ರ ಏಪ್ರಿಲ್‌ನಿಂದ ಯುಜಿಸಿ ಒಂದೇ ಸಮಯದಲ್ಲಿ ಎರಡು ಪದವಿ ಓದಲೂ ಅನುಮತಿ ಕೊಟ್ಟಿದೆ. ಅರಬಿಕ್ ಪದವಿಯ ಜೊತೆ ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಕಾಂ. ಓದುವುದಕ್ಕೆ ಈಗ ಅಡ್ಡಿಯಿಲ್ಲ.

ಲೆಕ್ಕಕ್ಕೆ ಬಾರದ ಕೋರ್ಸ್‌ಗಳು

ಪೇಟೆಯ ಕಂಪ್ಯೂಟರ್ ಸೆಂಟರ್, ಟೈಲರಿಂಗ್, ಮೊಬೈಲ್ ರಿಪೇರಿ, ಗಲ್ಫ್‌ಗೆ ಹೋಗುವವರು ಮಾಡುವ ಫೈರ್ ಆ್ಯಂಡ್ ಸೇಫ್ಟಿ, ಹೆಣ್ಣುಮಕ್ಕಳು ಮಾಡುವ ಖಾಸಗಿ ಮಾಂಟೆಸ್ಸರಿ ತರಬೇತಿ. ಇವು ಹರಾಮ್ ಅಲ್ಲ, ನಿರುಪಯೋಗಿಯೂ ಅಲ್ಲ. ಇವುಗಳಿಂದ ಎಷ್ಟೋ ಮನೆಗಳ ಒಲೆ ಉರಿಯುತ್ತಿದೆ. ಆದರೆ ಇಂಥ ಖಾಸಗಿ ಕೋರ್ಸ್‌ಗಳಲ್ಲಿ ಹೆಚ್ಚಿನವು ಪದವಿಯ ಲೆಕ್ಕಕ್ಕೆ ಸೇರುವುದಿಲ್ಲ. ಸರ್ಟಿಫಿಕೇಟ್ ಮೇಲೆ ಕೌಶಲ್ಯ ಅರ್ಹತೆಯ ಎನ್‌ಎಸ್‌ಕ್ಯುಎಫ್ ಮಟ್ಟ, ಕ್ರೆಡಿಟ್ ಸಂಖ್ಯೆ ಮತ್ತು ಕೇಂದ್ರದ ಎನ್‌ಸಿವಿಇಟಿ ಮಾನ್ಯತೆ ನಮೂದಾಗಿದೆಯೇ ನೋಡಿ. ಇದ್ದರೆ ಮುಂದೆ ಕೇಳಲು ಒಂದು ಆಧಾರ ಇದೆ. ಇಲ್ಲದಿದ್ದರೆ ಅದು ಕೆಲಸಕ್ಕೆ ಮಾತ್ರ ಎಂದು ತಿಳಿದೇ ಸೇರಿ.

ಹಣ ಕೊಡುವ ಮುಂಚೆ ಈ ಐದು ಪ್ರಶ್ನೆ ಕೇಳಿ:

1. ಪದವಿ ಕೊಡುವ ವಿಶ್ವವಿದ್ಯಾಲಯ ಯಾವುದು? ಸ್ಟಡಿ ಸೆಂಟರ್‌ನ ಹೆಸರು ಸಾಲದು. ಯುಜಿಸಿ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿ ಪ್ರಕಟಿಸುತ್ತದೆ, ಅದರಲ್ಲಿ ನೋಡಿ.
2. ದೂರಶಿಕ್ಷಣವಾದರೆ ಈ ವರ್ಷಕ್ಕೆ, ಈ ಕೋರ್ಸಿಗೆ ಯುಜಿಸಿ ಅನುಮತಿ ಇದೆಯೇ? ಮೈಸೂರಿನ ಮುಕ್ತ ವಿಶ್ವವಿದ್ಯಾಲಯಕ್ಕೇ 2013-14ರಿಂದ ಕೆಲವು ವರ್ಷ ಮಾನ್ಯತೆ ಇಲ್ಲದೆ, 2018ರಲ್ಲಿ ಮರಳಿ ಸಿಕ್ಕಿತು. ನಡುವೆ ಸೇರಿದವರು ಬಹಳ ತೊಂದರೆಪಟ್ಟರು. ಸಂಸ್ಥೆ ಸರಕಾರದ್ದೇ ಆದರೂ ವರ್ಷವಾರು ನೋಡಬೇಕು.
3. ನನ್ನ ಹಿಂದಿನ ಸರ್ಟಿಫಿಕೇಟ್‌ಗೆ ತತ್ಸಮಾನವೋ, ಎರಡನೇ ವರ್ಷಕ್ಕೆ ಪ್ರವೇಶವೋ, ಕ್ರೆಡಿಟ್ಟೋ? ಬರೆದು ಕೊಡಿ.
4. ಬಾಕಿ ಉಳಿಯುವ ಪತ್ರಿಕೆಗಳು ಯಾವುವು?
5. ಶುಲ್ಕದ ರಶೀದಿ ವಿಶ್ವವಿದ್ಯಾಲಯದ ಹೆಸರಿನಲ್ಲೇ ಬರುತ್ತದೆಯೇ?

ಒಂದೇ ವರ್ಷದಲ್ಲಿ ಪದವಿ ಎನ್ನುವವನಿಗೆ ಈ ಐದರಲ್ಲಿ ಒಂದಕ್ಕೂ ಉತ್ತರ ಇರುವುದಿಲ್ಲ. ಪ್ರವಾದಿ (ಸ) ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ನೋಡಿದಾಗ ಮೇಲೆ ಒಣಗಿದ್ದು, ಒಳಗೆ ಒದ್ದೆಯಾಗಿತ್ತು. ಹಾಗೆ ಮುಚ್ಚಿ ಮಾರುವುದು ವಂಚನೆ, ವಂಚಕ ನಮ್ಮವನಲ್ಲ ಎಂಬ ಅರ್ಥದಲ್ಲಿ ಎಚ್ಚರಿಸಿದರು. ಓದದೆ ಪಡೆದ ಸರ್ಟಿಫಿಕೇಟ್ ತೋರಿಸಿ ಕೆಲಸ ಹಿಡಿದವನ ರಾಶಿಯೂ ಅಂಥದ್ದೇ. ಅವನ ಕಾರಣದಿಂದ ನಿಜವಾಗಿ ಓದಿದವನೊಬ್ಬ ಹೊರಗುಳಿಯುತ್ತಾನೆ. ಸಿಕ್ಕಿಬಿದ್ದರೆ ಕೆಲಸವೂ ಹೋಗುತ್ತದೆ, ಕೇಸೂ ಬೀಳುತ್ತದೆ. ಸಿಕ್ಕಿಬೀಳದಿದ್ದರೂ ಅಲ್ಲಾಹನ ಮುಂದೆ ಉತ್ತರ ಕೊಡಬೇಕು.

ಕಾಗದಪತ್ರ ಜೋಪಾನ

2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ಗುಹ್ಯ, ನೆಲ್ಯಹುದಿಕೇರಿಯ ದಡದ ಮನೆಗಳು ಕುಸಿದದ್ದನ್ನು ನಾವು ಯಾರೂ ಮರೆತಿಲ್ಲ. ಪಾತ್ರೆ ಬಟ್ಟೆಯನ್ನು ಮತ್ತೆ ಕೊಳ್ಳಬಹುದು. ಕೊಚ್ಚಿಹೋದ ಮಾರ್ಕ್ಸ್ ಕಾರ್ಡ್ ಮತ್ತೆ ಪಡೆಯಲು ಅಲೆದಾಡಬೇಕು. ಸರ್ಟಿಫಿಕೇಟ್ ಇಲ್ಲದಿದ್ದರೆ ಕಲಿತದ್ದಕ್ಕೆ ಸಾಕ್ಷಿಯೇ ಇಲ್ಲ. ಇವತ್ತೇ ಮನೆಯವರೆಲ್ಲ ಫೋನಿನಲ್ಲಿ ಡಿಜಿಲಾಕರ್ ತೆರೆಯಿರಿ. ಇತ್ತೀಚಿನ ವರ್ಷಗಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಐಟಿಐಯ ರಾಷ್ಟ್ರೀಯ ಟ್ರೇಡ್ ಸರ್ಟಿಫಿಕೇಟ್ ಅದರಲ್ಲಿ ಸಿಗುತ್ತವೆ. ಹಳೆಯದ್ದನ್ನು ಸ್ಕ್ಯಾನ್ ಮಾಡಿ ಹಾಕಿಡಬಹುದು. ಎಲ್ಲ ಕಡೆ ಹೆಸರು ಒಂದೇ ರೀತಿ ಇರಲಿ. ಒಂದರಲ್ಲಿ ಮೊಹಮ್ಮದ್, ಇನ್ನೊಂದರಲ್ಲಿ ಮುಹಮ್ಮದ್, ಆಧಾರ್‌ನಲ್ಲಿ ಬರೀ ಎಂ. ಎಂದಿದ್ದರೆ ಮೊದಲು ಅದನ್ನು ಸರಿಪಡಿಸಿ. ನಮ್ಮ ಮಕ್ಕಳ ಅರ್ಜಿಗಳು ಹೆಚ್ಚು ಸಲ ನಿಲ್ಲುವುದು ಇದೇ ಕಾರಣಕ್ಕೆ.

ದಾವೂದ್ ಅಲೈಹಿಸ್ಸಲಾಂ ರಾಜರೂ ಆಗಿದ್ದರು, ಪ್ರವಾದಿಯೂ ಆಗಿದ್ದರು. ಆದರೂ ತಮ್ಮ ಕೈಯ ದುಡಿಮೆಯಿಂದಲೇ ಉಣ್ಣುತ್ತಿದ್ದರು. ಕಬ್ಬಿಣದಿಂದ ಕವಚ ಮಾಡುವ ಕಲೆಯನ್ನು ಅವರಿಗೆ ಕಲಿಸಿದವನು ಅಲ್ಲಾಹನೇ ಎಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಹಾಗಾಗಿ ಐಟಿಐ ಮಾಡಿದ ಮಗನನ್ನು "ಓದಲು ಆಗದವನು" ಎಂದು ನೆಂಟರ ಮುಂದೆ ಹೇಳಬೇಡಿ. ಕೈಕೆಲಸ ಕಲಿತವನು ಅರ್ಧ ದಾರಿ ನಡೆದಿದ್ದಾನೆ. ಉಳಿದ ಅರ್ಧಕ್ಕೆ ಅವನ ಜೊತೆ ನಿಲ್ಲೋಣ.

ಆ ತಂದೆ ಚೀಟಿಯ ಹಣವನ್ನು ಏಜೆಂಟನಿಗೆ ಕೊಡಲಿಲ್ಲ. ಮಗನ ಟ್ರೇಡ್ ಸರ್ಟಿಫಿಕೇಟ್ ಹಿಡಿದು ಕುಶಾಲನಗರಕ್ಕೆ ಹೋಗಿ ಬಂದಿದ್ದಾರೆ. ಮಗ ಈಗ ಕೆಲಸ ಮುಗಿಸಿ ಬಂದು ರಾತ್ರಿ ಗಣಿತದ ಪುಸ್ತಕ ತೆರೆಯುತ್ತಾನೆ. ಅವನಿಗಾಗಿ ದುಆ ಮಾಡಿ.

ಬರುವ ಭಾನುವಾರ ಅಸರ್ ನಮಾಝ್ ನಂತರ ಮದ್ರಸಾ ಹಾಲ್‌ನಲ್ಲಿ ಕುಳಿತುಕೊಳ್ಳೋಣ. ಅರ್ಧಕ್ಕೆ ಓದು ಬಿಟ್ಟವರು, ಐಟಿಐ, ಡಿಪ್ಲೊಮಾ, ಜಿಎನ್‌ಎಂ ಆದವರು ತಮ್ಮ ಸರ್ಟಿಫಿಕೇಟ್‌ಗಳ ಜೆರಾಕ್ಸ್ ಜೊತೆ ಬನ್ನಿ. ತಾಯಂದಿರಿಗೂ ಹೆಣ್ಣುಮಕ್ಕಳಿಗೂ ಪ್ರತ್ಯೇಕ ವ್ಯವಸ್ಥೆ ಇದೆ. ಊರಿನ ಕಲಿತ ಯುವಕರು ಒಂದೆರಡು ಗಂಟೆ ಬಿಡುವು ಮಾಡಿಕೊಂಡು ಬಂದರೆ ಫಾರಂ ತುಂಬಿಸಲು ಸಹಾಯವಾಗುತ್ತದೆ. ಅದೂ ಸ್ವದಕಾವೇ.

ನಮ್ಮ ಮಕ್ಕಳಿಗೆ ಅಲ್ಲಾಹು ಪ್ರಯೋಜನಕರವಾದ ಜ್ಞಾನವನ್ನೂ ಹಲಾಲಾದ ಜೀವನೋಪಾಯವನ್ನೂ ಕರುಣಿಸಲಿ. ಕಲಿತ ಒಂದು ಅಕ್ಷರವೂ ವ್ಯರ್ಥವಾಗದಿರಲಿ. ಆಮೀನ್.